ದೇವರ ಮಾತನ್ನ ವೋಟಿಗೆ ಹಾಕ್ತಾರೇನ್ರೀ? ಪ್ರೆಸ್ಬಿಟೇರಿಯನ್ ಅಸೆಂಬ್ಲಿ ಬಗ್ಗೆ ಒಂದು ಉತ್ತರ

ಗುಳೇದಗುಡ್ಡದಿಂದ ಒಬ್ರು ಅಕ್ಕಾರು ಕೇಳ್ಯಾರ: "ಸರ್, ನಮ್ಮದು ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಶನ್ ಮನೆತನ, ಈಗ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ). ನನ್ನ ತಂಗಿ ಮಗಳು ಓದಾಕಂತ ಅಮೆರಿಕಾದ ಪೆನ್ಸಿಲ್ವೇನಿಯಾಕ್ಕ ಹೋಗ್ಯಾಳ, 21 ವರ್ಷ, ಅಲ್ಲೇ ಒಂದು ಪ್ರೆಸ್ಬಿಟೇರಿಯನ್ ಚರ್ಚಿಗೆ ಮೆಂಬರ್ ಆಗ್ಯಾಳ. ಅವರ ಸಭೆಗೆ ಬಿಷಪ್ಪರೇ ಇಲ್ಲಂತ. ದೇಶದ ದೊಡ್ಡ ಅಸೆಂಬ್ಲಿ ಕೂಡಿ ವೋಟ್ ಹಾಕಿ ಎಲ್ಲಾ ತೀರ್ಮಾನ ಮಾಡ್ತಾರಂತ, ಒಮ್ಮೆ ಒಂದು ದೊಡ್ಡ ವಿಷಯ ಬರೇ ಎರಡು ವೋಟಿನಾಗ ಬಿದ್ದು ಹೋತಂತ. ದೇವರ ಮಾತನ್ನ ಹಿಂಗ ಪಂಚಾಯ್ತಿ ಇಲೆಕ್ಷನ್ ಥರ ಮಾಡಿದ್ರ ಹೆಂಗ್ರೀ? ಕಡೀ ಮಾತು ಯಾರದು? ಮ್ಯಾಲ ಪಾಸಾಗಿದ್ದನ್ನ ಕೆಳಗಿನ ಸಭೆ ಒಪ್ಪಲೇಬೇಕೇನು?"

ಅಕ್ಕಾರ, ನಾ ಇಲ್ಲಿ ಬೆಳಗಾವ್ಯಾಗ ಕೂತು ಸಭಾ ಆಡಳಿತದ ವಿಷಯ ಭಾಳ ವರ್ಷ ಪಾಠ ಮಾಡೀನಿ, ಈ ಪ್ರಶ್ನೆ ನನಗ ಎಷ್ಟೋ ಮಂದಿ ಕೇಳ್ಯಾರ, ಆದ್ರ "ಕಡೀ ಮಾತು ಯಾರದು" ಅಂತ ನಿಮ್ಮಂಗ ನೇರ ಕೇಳಿದವರು ಕಡಿಮಿ. ಅದಕ್ಕ ಅಲ್ಲಿಂದನ ಶುರು ಮಾಡ್ತೀನಿ. ಕಡೀ ಮಾತು ಯಾರದೂ ಅಲ್ಲ, ಅದನ್ನ ಬೇಕಂತನ ಹಂಗ ಇಟ್ಟಾರ. ನಿಮ್ಮೂರಾಗ ಖಣ ನೇಯೋ ಮಗ್ಗ ನೀವು ಹುಟ್ಟಿದಾಗಿಂದ ನೋಡೀರಿ, ಲಾಳಿ ಒಂದು ಕಡೆ ಹೋಗಿ ಅಲ್ಲೇ ನಿಂತ್ರ ಬಟ್ಟಿ ಆಗ್ತೈತೇನು? ಆ ಕಡೆ ಹೋಗಿ ಈ ಕಡೆ ಬರಬೇಕು. ಈ ಪ್ರೆಸ್ಬಿಟೇರಿಯನ್ ಮಂದಿ ತೀರ್ಮಾನ ಮಾಡೋದೂ ಹಂಗ, ವಿಷಯ ಕೆಳಗಿಂದ ಮ್ಯಾಲ ಹೋಗ್ತೈತಿ, ಮ್ಯಾಲಿಂದ ತಿರುಗಿ ಕೆಳಗ ಬರ್ತೈತಿ. ನಿಮ್ಮ ತಂಗಿ ಮಗಳು ಹೇಳಿದ ವೋಟು ನಡುವಿನ ಒಂದು ಹೊತ್ತಿಂದು ಅಷ್ಟ.

ಮೊದಲು ಅವರ ಮನಿ ಹೆಂಗ ಕಟ್ಯಾರ ಅಂತ ಸ್ವಲ್ಪ ಹೇಳ್ತೀನಿ. ಅವಳ ಚರ್ಚು ಪ್ರೆಸ್ಬಿಟೇರಿಯನ್ ಚರ್ಚ್ ಯುಎಸ್ಎ ಅನ್ನೋದಕ್ಕ ಸೇರಿದ್ದು ಅಂತ ಹಿಡಕೊಂಡು ಬರೀತೀನಿ, ಅಲ್ಲಿ ಪ್ರೆಸ್ಬಿಟೇರಿಯನ್ನರು ಬ್ಯಾರೆ ಬ್ಯಾರೆ ಪಂಗಡ ಇದ್ದಾರ, ಅದರಾಗ ಇದು ದೊಡ್ಡದು. ಅಮೆರಿಕಾದ ಅಂತರ್ಯುದ್ಧದ ಹೊತ್ತಿನಾಗ ಉತ್ತರದವರು ದಕ್ಷಿಣದವರು ಅಂತ ಒಡದು ಹೋಗಿದ್ದ ಮನಿ ಅದು, 1983ರಾಗ ಅಟ್ಲಾಂಟಾದಾಗ ತಿರುಗಿ ಒಂದಾತು. ತಳದಾಗ ಊರಿನ ಸಭೆ, ಅಂದ್ರ ಒಂದು ಚರ್ಚಿನ ಮಂದಿ, ಅದನ್ನ ನಡಸೋ ಹಿರಿಯರ ಕೂಟಕ್ಕ ಸೆಷನ್ ಅಂತಾರ. ಅದರ ಮ್ಯಾಲ ಪ್ರೆಸ್ಬಿಟರಿ, ಅಂದ್ರ ಒಂದು ಭಾಗದಾಗಿನ ಸಭೆಗಳೆಲ್ಲಾ ಸೇರಿದ ಕೂಟ. ಆಮ್ಯಾಲ ಸಿನೊಡ್, ಎಲ್ಲಾಕಿಂತ ಮ್ಯಾಲ ಜನರಲ್ ಅಸೆಂಬ್ಲಿ. ನೆಪ್ಪಿಡ್ರಿ, ನಮ್ಮ ಸಿಎಸ್ಐದಾಗ ಸಿನೊಡ್ ಅಂದ್ರ ತುದಿ, ಅವರಲ್ಲಿ ಸಿನೊಡ್ ನಡುವಿಂದು, ಇದೊಂದು ಶಬ್ದದಿಂದ ನಮ್ಮ ಮಂದಿ ಭಾಳ ಗೊಂದಲ ಮಾಡ್ಕೋತಾರ. ಬಿಷಪ್ ಇಲ್ಲ ಅನ್ನೋದು ಖರೆ, ಬಿಷಪ್ಪರು ಮಾಡೋ ಕೆಲಸನ ಪ್ರೆಸ್ಬಿಟರಿ ಅನ್ನೋ ಕೂಟ ಮಾಡ್ತೈತಿ. ಪಾಸ್ಟರಿಗೆ ದೀಕ್ಷೆ ಕೊಡೋದು, ಜಗಳ ಬಿದ್ರ ಬಗೀಹರಸೋದು ಎಲ್ಲಾ ಅದರ ಪಾಲಿಂದು.

ಜನರಲ್ ಅಸೆಂಬ್ಲಿ ಮೊದಲ ವರ್ಷಾ ಕೂಡ್ತಿತ್ತು, 2004ರ ನಂತರ ಎರಡು ವರ್ಷಕ್ಕೊಮ್ಮೆ. ಅಲ್ಲಿ ವೋಟ್ ಹಾಕೋರಿಗೆ ಕಮಿಷನರ್ ಅಂತಾರ, ನಮ್ಮ ಕಾರ್ಪೊರೇಶನ್ ಕಮಿಷನರ್ ಅಲ್ರೀ ಮತ್ತ. ಪ್ರತಿ ಪ್ರೆಸ್ಬಿಟರಿ ಪಾಸ್ಟರ್ ಎಷ್ಟು ಮಂದಿ ಕಳಸ್ತೈತೋ ಸಭಾ ಹಿರಿಯರನ್ನೂ ಅಷ್ಟ ಮಂದಿ ಕಳಸಬೇಕು, ಸರಿ ಅರ್ಧಾ ಅರ್ಧಾ. ಸಣ್ಣ ಪ್ರೆಸ್ಬಿಟರಿ ಇದ್ರ ಒಬ್ಬ ಪಾಸ್ಟರು ಒಬ್ಬ ಹಿರಿಯರು, ಮೆಂಬರುಗಳ ಲೆಕ್ಕಾ 8000 ದಾಟಿದ್ರ ಇಬ್ಬಿಬ್ರು, ಹಿಂಗ ಏರ್ಕೋತ ಹೋಗ್ತೈತಿ. ಶಾಲಿ ಮಾಸ್ತರಿಕಿ ಮಾಡೋ ಹೆಣ್ಣಮಗಳ ವೋಟೂ, ಮೂವತ್ತು ವರ್ಷ ಪ್ರಸಂಗ ಮಾಡಿದ ಪಾಸ್ಟರ ವೋಟೂ ಅಲ್ಲಿ ಒಂದ ತೂಕದ್ದು.

ಇಲ್ಲಿ ಒಂದು ಮಾತು ಐತಿ, ಇದನ್ನ ನಾ ಪಾಠ ಮಾಡುವಾಗ ಎರಡೆರಡು ಸಲ ಹೇಳ್ತಿದ್ದೆ. ಈ ಕಮಿಷನರು ನಮ್ಮ ಎಮ್ಮೆಲ್ಲೆ ಥರ ಪ್ರತಿನಿಧಿ ಅಲ್ಲ. ಕಳಿಸಿದ ಪ್ರೆಸ್ಬಿಟರಿ "ನೀ ಹೋಗಿ ಹಿಂಗ ವೋಟ್ ಹಾಕಿ ಬಾ" ಅಂತ ಅವರ ಕೈ ಕಟ್ಟಂಗಿಲ್ಲ. ಅವರ ಸಂವಿಧಾನದಾಗನ ಬರದಾರ, ಹಿರಿಯರಾದವರು ಜನರ ಇಷ್ಟ ಏನೈತಿ ಅದನ್ನ ಹಂಗ ಒಪ್ಪಿಸೋರಲ್ಲ, ಎಲ್ಲಾರೂ ಕೂಡಿ ಕ್ರಿಸ್ತನ ಚಿತ್ತ ಏನು ಅಂತ ಹುಡುಕೋರು ಅಂತ. ಅಂದ್ರ ಮನಸ್ಸು ಗಟ್ಟಿ ಮಾಡ್ಕೊಂಡು ಹೋದವರು ಅಲ್ಲಿ ಕೂತು ಇನ್ನೊಬ್ರ ಮಾತು ಕೇಳಿ ಮನಸ್ಸು ಬದಲಿ ಮಾಡ್ಕೊಂಡ್ರ ಅದು ಮೋಸ ಅಲ್ಲ, ಅದಕ್ಕ ಅವರನ್ನ ಕಳಿಸಿದ್ದು. ನಿಮ್ಮ "ಪಂಚಾಯ್ತಿ ಇಲೆಕ್ಷನ್" ಅನ್ನೋ ಮಾತಿಗೆ ನನ್ನ ಮೊದಲನೇ ಉತ್ತರ ಇದು.

ಇನ್ನ ವಿಷಯ ಮ್ಯಾಲ ಹೆಂಗ ಹೋಗ್ತೈತಿ ಅಂದ್ರ, ಯಾರೋ ಒಬ್ಬ ದೊಡ್ಡ ಮನಿಶ್ಯಾ ಎದ್ದು ನಿಂತು ಇದನ್ನ ಚರ್ಚಾಕ್ಕ ತಗೋರಿ ಅಂದ್ರ ನಡಿಯಂಗಿಲ್ಲ. ಒಂದು ಸಭೆಯ ಸೆಷನ್ನದಾಗ ಮಾತು ಹುಟ್ಟತೈತಿ, ಅದು ಪ್ರೆಸ್ಬಿಟರಿಗೆ ಹೋಗ್ತೈತಿ, ಪ್ರೆಸ್ಬಿಟರಿ ಒಪ್ಪಿದ್ರ ಅಸೆಂಬ್ಲಿಗೆ ಬೇಡಿಕಿ ಕಳಸ್ತೈತಿ, ಅದಕ್ಕ ಓವರ್ಚರ್ ಅಂತಾರ. ಒಂದ ಪ್ರೆಸ್ಬಿಟರಿ ಕಳಿಸಿದ್ರ ಸಾಲಂಗಿಲ್ಲ, ಕಡಿಮಿ ಅಂದ್ರ ಇನ್ನೊಂದು ಪ್ರೆಸ್ಬಿಟರಿ ಹೌದು ನಮಗೂ ಇದು ಬೇಕು ಅಂತ ಕೈ ಜೋಡಸಬೇಕು. ಸಂವಿಧಾನ ತಿದ್ದೋ ವಿಷಯ ಇದ್ರ ಅಸೆಂಬ್ಲಿಗಿಂತ 120 ದಿನ ಮೊದಲ ತಲುಪಿರಬೇಕು, ಯಾಕಂದ್ರ ಎಲ್ಲಾರೂ ಮನ್ಯಾಗ ಕೂತು ಓದಿ ಪ್ರಾರ್ಥನಾ ಮಾಡಿ ಬರಬೇಕಲ್ಲ.

ಅಸೆಂಬ್ಲಿಗೆ ಮಾಡರೇಟರ್, ಅಂದ್ರ ಕೂಟ ನಡಸೋ ಅಧ್ಯಕ್ಷರನ್ನ ಆರಿಸ್ತಾರ. ಕಮಿಷನರುಗಳನ್ನೆಲ್ಲಾ ಸಣ್ಣ ಸಣ್ಣ ಕಮಿಟಿಗೆ ಹಂಚತಾರ, ಯಾರು ಯಾವ ಕಮಿಟಿ ಅನ್ನೋದನ್ನ ಯಾರೂ ಆರಿಸಂಗಿಲ್ಲ, ಚೀಟಿ ಎತ್ತಿದಂಗ ಬೀಳ್ತೈತಿ. ಹಣಕಾಸಿನ ಬಗ್ಗೆ ಏನೂ ಗೊತ್ತಿಲ್ಲದವರು ಪೆನ್ಶನ್ ಕಮಿಟಿಯಾಗ ಕೂಡಬಹುದು. ಇದು ಹುಚ್ಚು ಅನಸ್ತೈತಿ, ನನಗೂ ಮೊದಲು ಅನಿಸಿತ್ತು, ಆದ್ರ ವಿಚಾರ ಮಾಡ್ರಿ, ಒಂದು ವಿಷಯದ ಮ್ಯಾಲ ಹಟ ಹಿಡಿದ ನಾಕು ಮಂದಿ ಸೇರಿ ಆ ಕಮಿಟಿನ ಹಿಡಕೊಂಡು ಕೂಡಾಕ ಇದರಿಂದ ಆಗಂಗಿಲ್ಲ. ಖರೇ ಕೆಲಸ ನಡಿಯೋದು ಈ ಕಮಿಟಿಗಳಾಗನ. ಹೊರಗಿನವರು ಬಂದು ತಮ್ಮ ಸಂಕಟ ಹೇಳ್ಕೋತಾರ, ಒಂದೊಂದು ವಾಕ್ಯ ತಿದ್ದತಾರ, ನಡನಡುವ ಪ್ರಾರ್ಥನಾ ಮಾಡ್ತಾರ, ಕಡೀಕ ದೊಡ್ಡ ಕೂಟಕ್ಕ ಶಿಫಾರಸು ಕಳಸ್ತಾರ.

ದೊಡ್ಡ ಕೂಟದಾಗ ವೋಟಿಗೆ ಮೊದಲು ಒಂದು ಪದ್ಧತಿ ಐತಿ, ಅದನ್ನ ಹೇಳದ ಮುಂದ ಹೋಗಂಗಿಲ್ಲ ನಾನು. ಪ್ರತಿ ಪ್ರೆಸ್ಬಿಟರಿಯಿಂದ 17ರಿಂದ 23 ವಯಸ್ಸಿನ ಒಬ್ಬ ಹುಡುಗನೋ ಹುಡುಗಿಯೋ ಬಂದಿರ್ತಾರ, ದೇವಜ್ಞಾನ ಓದೋ ವಿದ್ಯಾರ್ಥಿಗಳೂ ಇರ್ತಾರ, ಬ್ಯಾರೆ ಸಭೆಗಳಿಂದ ಬಂದ ಅತಿಥಿಗಳೂ ಇರ್ತಾರ. ಇವರಿಗೆ ಮಾತಾಡೋ ಹಕ್ಕೈತಿ, ಕಮಿಟಿಯಾಗ ವೋಟೂ ಐತಿ, ದೊಡ್ಡ ಕೂಟದಾಗ ಲೆಕ್ಕಕ್ಕ ಬರೋ ವೋಟ್ ಇಲ್ಲ. ಆದ್ರ ಮಾಡರೇಟರ್ ಮೊದಲ ಇವರ ಅಭಿಪ್ರಾಯ ಕೇಳ್ತಾರ. ಹುಡುಗರು ಬಟನ್ ಒತ್ತತಾರ, ಅವರ ಲೆಕ್ಕ ಪರದಾ ಮ್ಯಾಲ ಬರ್ತೈತಿ, ಅಷ್ಟೂ ಕಮಿಷನರುಗಳು ಅದನ್ನ ಕಣ್ಣಾರೆ ನೋಡ್ತಾರ, ಆಮ್ಯಾಲ ತಮ್ಮ ವೋಟ್ ಹಾಕ್ತಾರ. ಹಿರಿಯರು ಮಾತಾಡಾಕ ಮೊದಲ ಹುಡುಗರು ಏನಂತಾರ ಅಂತ ಕೇಳೋದು! ನಮ್ಮ ಕಡೆ ಸಭಾ ಮೀಟಿಂಗಿನಾಗ ಹುಡುಗರು ಬಾಯಿ ತೆಗದ್ರ "ನೀ ಸಣ್ಣಾಂವ, ಸುಮ್ಮ ಕೂಡು" ಅನ್ನೋರು ಎಷ್ಟು ಮಂದಿ ಅದಾರ ಅಂತ ನಿಮಗೂ ಗೊತ್ತೈತಿ, ನನಗ ಇದು ಮನಸ್ಸಿಗೆ ಭಾಳ ಹತ್ತಿದ ವಿಷಯ.

ಈಗ ಆ ಎರಡು ವೋಟಿನ ಕಥಿ. ಅದು 2012, ಪಿಟ್ಸ್‌ಬರ್ಗಿನಾಗ ಕೂಡಿದ ಅಸೆಂಬ್ಲಿ. ಇಸ್ರೇಲ್ ಪ್ಯಾಲೆಸ್ಟೀನ್ ಗಲಾಟಿಗೆ ಸಂಬಂಧಪಟ್ಟು, ಕ್ಯಾಟರ್‌ಪಿಲ್ಲರ್, ಎಚ್‌ಪಿ, ಮೊಟೊರೋಲಾ ಸೊಲ್ಯೂಷನ್ಸ್ ಈ ಮೂರು ಕಂಪನಿಯಾಗ ಚರ್ಚ್ ಹಾಕಿದ ರೊಕ್ಕ ಹಿಂದಕ್ಕ ತಗೋಬೇಕೋ ಬ್ಯಾಡೋ ಅನ್ನೋದು ಪ್ರಶ್ನೆ. ಬ್ಯಾಡ, ಅದರ ಬದಲಿ ಅಲ್ಲಿ ಶಾಂತಿ ತರೋ ಕೆಲಸಕ್ಕ ರೊಕ್ಕ ಹಾಕೋಣು ಅನ್ನೋರು 333, ರೊಕ್ಕ ಹಿಂದ ತಗೋಣು ಅನ್ನೋರು 331. ಎರಡು ವರ್ಷ ಬಿಟ್ಟು 2014ರಾಗ ಡೆಟ್ರಾಯಿಟಿನಾಗ ಅದ ವಿಷಯ ತಿರುಗಿ ಬಂತು, ಆಗ ರೊಕ್ಕ ಹಿಂದ ತಗೋಣು ಅನ್ನೋರು 310, ಬ್ಯಾಡ ಅನ್ನೋರು 303. ನೋಡ್ರಿ, ಒಮ್ಮೆ ಎರಡು ವೋಟು, ಇನ್ನೊಮ್ಮೆ ಏಳು ವೋಟು. ಇದು ಸಂವಿಧಾನದ ತಿದ್ದುಪಡಿ ಅಲ್ಲ, ಚರ್ಚಿನ ರೊಕ್ಕದ ವಿಷಯ, ಅದಕ್ಕ ಅಸೆಂಬ್ಲಿಯೊಳಗ ಮುಗೀತು.

ಆದ್ರ ನಂಬಿಕಿ, ದೀಕ್ಷೆ, ಮದುವಿ ಇಂಥಾ ವಿಷಯ ಅಸೆಂಬ್ಲಿಯೊಳಗ ಮುಗಿಯಂಗಿಲ್ಲ, ಮೊದಲು ಹೇಳಿದ ಲಾಳಿ ತಿರುಗಿ ಬರಬೇಕಾಗೋದು ಇಲ್ಲೇ. ಅಸೆಂಬ್ಲಿ ಪಾಸ್ ಮಾಡಿದ ತಿದ್ದುಪಡಿ ದೇಶದಾಗಿನ ಎಲ್ಲಾ ಪ್ರೆಸ್ಬಿಟರಿಗೆ ಹೋಗ್ತೈತಿ, ಅವರು ತಮ್ಮ ತಮ್ಮ ಕೂಟದಾಗ ಕೂತು ವೋಟ್ ಹಾಕ್ತಾರ, ದೊಡ್ಡದಿರಲಿ ಸಣ್ಣದಿರಲಿ ಒಂದು ಪ್ರೆಸ್ಬಿಟರಿಗೆ ಒಂದ ಲೆಕ್ಕ, ಅರ್ಧಕ್ಕಿಂತ ಹೆಚ್ಚು ಪ್ರೆಸ್ಬಿಟರಿ ಹೌದು ಅಂದ್ರನ ಅದು ಕಾಯ್ದೆ. ಇದು ಕಾಗದದ ಮ್ಯಾಲಿನ ಶಾಸ್ತ್ರ ಅಂತ ತಿಳೀಬ್ಯಾಡ್ರಿ. ಸಲಿಂಗಿಗಳಿಗೆ ಪಾಸ್ಟರ್ ದೀಕ್ಷೆ ಕೊಡಬೇಕೋ ಬ್ಯಾಡೋ ಅಂತ ಅವರಲ್ಲಿ ದೊಡ್ಡ ವಾದ ನಡೀತು, ಅದಕ್ಕ ಅಡ್ಡ ಇದ್ದ ನಿಯಮ ಸಡಿಲ ಮಾಡಾಕ ಅಸೆಂಬ್ಲಿ 1997ರಾಗ ಹೂಂ ಅಂತು, ಪ್ರೆಸ್ಬಿಟರಿಗಳು ಬ್ಯಾಡ ಅಂದ್ವು. 2001ರಾಗ ಮತ್ತ ಹೂಂ ಅಂತು, ಮತ್ತ ಬ್ಯಾಡ ಅಂದ್ವು. 2008ರಾಗ ಮೂರನೇ ಸಲ, ಮತ್ತ ಬಿತ್ತು. 2010ರಾಗ ನಾಕನೇ ಸಲ ಅಸೆಂಬ್ಲಿ ಪಾಸ್ ಮಾಡಿತು, ಆವಾಗ ದೇಶದಾಗ 173 ಪ್ರೆಸ್ಬಿಟರಿ, ಒಂದೊಂದಾಗಿ ವೋಟ್ ಹಾಕ್ಕೋತ ಬಂದು 2011ರ ಮೇ 10ಕ್ಕ 87ನೇ ಹೌದು ಬಿತ್ತು, ಆಗ ಬದಲಾತು. ಆ ವಿಷಯದಾಗ ನೀವು ಯಾವ ಕಡೆ ಇದ್ದರೂ ಇರ್ರಿ, ನಮ್ಮ ಕಡೆ ಸಭೆಯವರು ಹೆಚ್ಚು ಮಂದಿ ಒಪ್ಪಂಗಿಲ್ಲ ಅಂತ ನನಗ ಗೊತ್ತೈತಿ, ಆದ್ರ ಮ್ಯಾಲಿನವರು ಹೂಂ ಅಂದಿದ್ದನ್ನ ಕೆಳಗಿನವರು ಮೂರು ಸಲ ತಡದು ನಿಲ್ಲಿಸಿದ್ರು ಅನ್ನೋದನ್ನ ಗಮನಿಸ್ರಿ.

ನಂಬಿಕಿ ಪ್ರಮಾಣಗಳ ಪುಸ್ತಕಕ್ಕ ಏನರ ಸೇರಿಸಬೇಕಂದ್ರ ಇನ್ನೂ ಕಠಿಣ, ಮೂರರಾಗ ಎರಡು ಪಾಲು ಪ್ರೆಸ್ಬಿಟರಿ ಒಪ್ಪಬೇಕು, ಅದಾದ ಮ್ಯಾಲ ಮುಂದಿನ ಅಸೆಂಬ್ಲಿ ತಿರುಗಿ ಹೂಂ ಅನ್ನಬೇಕು. ದಕ್ಷಿಣ ಆಫ್ರಿಕಾದಾಗ ವರ್ಣಭೇದದ ವಿರುದ್ಧ 1982ರಾಗ ಬರೆದು 1986ರಾಗ ಒಪ್ಪಿದ ಬೆಲ್ಹಾರ್ ಪ್ರಮಾಣ ಅಂತ ಐತಿ, ಅದನ್ನ ಸೇರಸೋಣು ಅಂತ 2010ರ ಅಸೆಂಬ್ಲಿ ಅಂದ್ರೂ ಕೆಳಗ ಮೂರರಾಗ ಎರಡು ಪಾಲು ಸಿಗಲಿಲ್ಲ. ವರ್ಣಭೇದ ತಪ್ಪು ಅನ್ನಾಕ ಯಾರದೂ ತಕರಾರು ಇರಲಿಕ್ಕಿಲ್ಲ, ಆದರೂ ಸಾಕಷ್ಟು ವೋಟು ಬೀಳಲಿಲ್ಲ ನೋಡ್ರಿ. 2014ರಾಗ ಮತ್ತ ಕಳಿಸಿದ್ರು, ಈ ಸಲ ಒಪ್ಪಿದ್ರು, 2016ರಾಗ ಪೋರ್ಟ್‌ಲ್ಯಾಂಡಿನ ಅಸೆಂಬ್ಲಿ ಕಡೀ ಮುದ್ರಿ ಒತ್ತಿತು.

ಹಿಂಗ ತಿರುಗಿ ಕೆಳಗ ಕಳಸೋ ಪದ್ಧತಿ ಅಮೆರಿಕಾದವರು ಹೊಸದಾಗಿ ಮಾಡಿದ್ದಲ್ಲ, ಸ್ಕಾಟ್ಲೆಂಡಿನಿಂದ ಬಂದದ್ದು. ಅಲ್ಲಿ 1697ರಾಗ ಬ್ಯಾರಿಯರ್ ಆ್ಯಕ್ಟ್ ಅಂತ ಮಾಡಿದ್ರು, ಹೆಸರ ಹೇಳ್ತೈತಿ, ಅಡ್ಡಗ್ವಾಡಿ. ಅಸೆಂಬ್ಲಿಯವರು ಒಂದು ಸಂಜೀಕ ಜೋಶಿಗೆ ಬಿದ್ದು ಧರ್ಮದ ಪದ್ಧತಿನ ಬದಲಿ ಮಾಡಬಾರದು, ಪ್ರೆಸ್ಬಿಟರಿಗಳನ್ನ ಕೇಳಬೇಕು ಅಂತ. ಆ ಅಸೆಂಬ್ಲಿ ಇವತ್ತಿಗೂ ಎಡಿನ್‌ಬರಾದಾಗ ವರ್ಷಾ ಮೇ ತಿಂಗಳದಾಗ ಕೂಡ್ತೈತಿ, ರಾಜನ ಪರವಾಗಿ ಒಬ್ರು ಬಂದು ಮ್ಯಾಲ ಗ್ಯಾಲರಿಯಾಗ ಕೂಡ್ತಾರ, ಕೆಳಗಿನ ಚರ್ಚಾದಾಗ ಅವರಿಗೆ ಮಾತಿಲ್ಲ. ನಾವೆಲ್ಲಾ ಹಿಂದ ಮುಂಬಯಿ ಇಲಾಖೆದವರಲ್ಲೇನ್ರಿ, ಆ ಮುಂಬಯಿದಾಗ ವಿಲ್ಸನ್ ಕಾಲೇಜ್ ಹುಟ್ಟಿಹಾಕಿದ ಜಾನ್ ವಿಲ್ಸನ್ ಅವರು 1870ರಾಗ, ಸ್ಕಾಟ್ಲೆಂಡಿನ ಆ ದೊಡ್ಡ ಸಭೆ ಬಿಟ್ಟು ಬ್ಯಾರೆ ಆಗಿದ್ದ ಫ್ರೀ ಚರ್ಚ್ ಅಸೆಂಬ್ಲಿಗೆ ಮಾಡರೇಟರ್ ಆಗಿದ್ರು.

ನೀವು ಕೇಳಿದ ದೊಡ್ಡ ಮಾತು, ದೇವರ ಚಿತ್ತ ವೋಟಿನಾಗ ಸಿಗ್ತೈತೇನು ಅಂತ. ಬೈಬಲ್ಲಿನಾಗ ಅಪೊಸ್ತಲರ ಕೃತ್ಯಗಳು ತಗೀರಿ. ಮೊದಲನೇ ಅಧ್ಯಾಯದಾಗ ಯೂದನ ಜಾಗಾಕ್ಕ ಮತ್ತೀಯನ್ನ ಆರಿಸುವಾಗ ಚೀಟು ಹಾಕಿದ್ರು. 15ನೇ ಅಧ್ಯಾಯಕ್ಕ ಬರೋದ್ರಾಗ ಚೀಟಿನ ಸುದ್ದೀನ ಇಲ್ಲ. ಅಂತಿಯೋಕ್ಯದ ಸಭೆಯಾಗ, ಯೆಹೂದ್ಯರಲ್ಲದ ವಿಶ್ವಾಸಿಗಳು ಸುನ್ನತಿ ಮಾಡಿಸ್ಕೋಬೇಕೋ ಬ್ಯಾಡೋ ಅಂತ ಜಗಳ ಹತ್ತಿತು, ಅವರು ಪೌಲ ಬಾರ್ನಬರನ್ನ ಯೆರೂಸಲೇಮಿಗೆ ಕಳಿಸಿದ್ರು, ಅಲ್ಲಿ ಭಾಳ ವಾದ ಆತು, ಪೇತ್ರ ಮಾತಾಡಿದ, ಪೌಲ ಬಾರ್ನಬರು ತಾವು ಕಂಡದ್ದು ಹೇಳಿದ್ರು, ಯಾಕೋಬ ಎಲ್ಲಾರ ಮಾತು ಕೂಡಿಸಿ ಒಂದು ತೀರ್ಪು ಹೇಳಿದ, ಪವಿತ್ರಾತ್ಮನಿಗೂ ನಮಗೂ ಹಿಂಗ ಸರಿ ಕಾಣಸ್ತು ಅಂತ ಪತ್ರ ಬರದ್ರು, ಆ ಪತ್ರ ತಗೊಂಡು ಮಂದಿ ತಿರುಗಿ ಅಂತಿಯೋಕ್ಯಕ್ಕ ಹೋಗಿ ಓದಿ ಹೇಳಿದ್ರು, ಸಭೆ ಕೇಳಿ ಸಂತೋಷಪಡ್ತು. ಕೆಳಗಿಂದ ಮ್ಯಾಲ, ಮ್ಯಾಲಿಂದ ಕೆಳಗ, ಅದ ದಾರಿ. ಪ್ರೆಸ್ಬಿಟೇರಿಯನ್ನರು ಸೇರಿರೋ ಸುಧಾರಣಾ ಪಂಥದ ಸಭೆಗಳು ತಮ್ಮ ಅಸೆಂಬ್ಲಿಗೆಲ್ಲಾ ಈ ಅಧ್ಯಾಯನ ಬುನಾದಿ ಅಂತಾರ, ನನಗೂ ಅದರಾಗ ಪೂರಾ ನಂಬಿಕಿ ಐತಿ.

ಹಂಗಂತ ಬಹುಮತದಾಗ ನೋವಿಲ್ಲ ಅಂತ ನಾ ಹೇಳಂಗಿಲ್ಲ. ನಾ ಮಿನಿಟ್ಸ್ ಬರೀತಿದ್ದ ಒಂದು ಸಭೆಯಾಗ, ಊರ ಹೆಸರು ಬ್ಯಾಡ, ಚರ್ಚಿನ ಹಿತ್ತಲದಾಗ ಹಳೇ ಬೇವಿನ ಗಿಡ ಇತ್ತು, ಅದನ್ನ ಕಡಿದು ಹಾಲ್ ಕಟ್ಟಬೇಕು ಅಂತ ವಿಷಯ ಬಂತು. ರಾತ್ರಿ ಹತ್ತೂವರಿ ಆಗಿತ್ತು, ಎಲ್ಲಾರಿಗೂ ಮನಿಗೆ ಹೋಗೋ ಅವಸರ, ಕೈ ಎತ್ತಿಸಿದ್ರು, 23 ಕಡೀರಿ ಅಂದ್ರು, 19 ಬ್ಯಾಡ ಅಂದ್ರು, ಪಾಸ್ ಅಂತ ನಾನ ಬರದೆ. ಆ ಗಿಡ ಹಚ್ಚಿದ ಮನೆತನದ ಒಬ್ರು ಹಿರಿಯರು ಕಡೀ ಬೆಂಚಿನಾಗ ಕೂತಿದ್ರು, ಒಂದು ಮಾತೂ ಆಡಲಿಲ್ಲ, ತಮ್ಮ ಗೀತೆ ಪುಸ್ತಕ ಬಗಲಾಗ ಇಟ್ಕೊಂಡು ಎದ್ದು ಹೋದ್ರು, ಮುಂದ ಎಂಟು ತಿಂಗಳು ಆರಾಧನಾಕ್ಕ ಬರಲಿಲ್ಲ. ನಿಯಮದಾಗ ಒಂದೂ ತಪ್ಪಿರಲಿಲ್ಲ. ಆದ್ರ ಅವರನ್ನ ಒಂದು ಮಾತು ಕೇಳಬೇಕಿತ್ತು ಅಂತ ನನಗ ಇವತ್ತಿಗೂ ಅನಸ್ತೈತಿ.

ಈ ನೋವಿಗೆ ಬ್ಯಾರೆ ಬ್ಯಾರೆ ಸಭೆಯವರು ಬ್ಯಾರೆ ಬ್ಯಾರೆ ಔಷಧ ಮಾಡ್ಯಾರ. ಪ್ರೆಸ್ಬಿಟೇರಿಯನ್ನರಲ್ಲಿ ಸೋತವರು ನಮ್ಮ ಭಿನ್ನಮತ ಬರಕೋರಿ ಅಂತ ಹೇಳಬಹುದು, ಬೇಕಾದ್ರ ಕಾರಣ ಬರದು ಪ್ರತಿಭಟನಾ ಕೊಡಬಹುದು, ಅದು ಮಿನಿಟ್ಸಿನಾಗ ಸೇರ್ತೈತಿ. ಚರ್ಚಾ ನಡಸಾಕ ಅವರು ರಾಬರ್ಟ್ ನಿಯಮಗಳು ಅಂತ ಹಿಡಕೋತಾರ, ಅಮೆರಿಕಾದಾಗ ಎಷ್ಟೋ ಸಂಘ ಸಂಸ್ಥೆಗಳ ಮೀಟಿಂಗಿನಾಗ ಸೈತ ಬಳಸ್ತಾರಲ್ಲ ಅದ. ಅದು ಹುಟ್ಟಿದ್ದು ಹೆಂಗ ಗೊತ್ತೇನ್ರಿ, ಹೆನ್ರಿ ರಾಬರ್ಟ್ ಅಂತ ಮಿಲಿಟರಿ ಇಂಜಿನಿಯರ್, 1863ರಾಗ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡಿನಾಗ ಚರ್ಚಿನ ಒಂದು ಮೀಟಿಂಗಿಗೆ ಅಧ್ಯಕ್ಷ ಆಗಿ ಕೂತು, ಗದ್ದಲ ಹತೋಟಿಗೆ ತರಾಕ ಆಗದ ನಾಚಿಕಿ ಪಟ್ಟು, ಆಮ್ಯಾಲ ಅಭ್ಯಾಸ ಮಾಡಿ 1876ರಾಗ ಆ ಪುಸ್ತಕ ಮಾಡಿದ.

ಆಸ್ಟ್ರೇಲಿಯಾದ ಯುನೈಟಿಂಗ್ ಚರ್ಚಿನವರು ಇನ್ನೊಂದು ದಾರಿ ಹಿಡದ್ರು. ನಮ್ಮ ಸಿಎಸ್ಐ ಥರಾನ ಅದೂ ಕೂಡಿದ ಸಭೆ, 1977ರ ಜೂನ್ 22ಕ್ಕ ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಸೇರಿ ಆದದ್ದು. ಅವರ ಅಸೆಂಬ್ಲಿಯಾಗ ಪ್ರತಿಯೊಬ್ರ ಕೈಯಾಗ ಎರಡು ಕಾರ್ಡ್, ಒಂದು ಕಿತ್ತಳಿ ಬಣ್ಣದ್ದು, ಒಂದು ನೀಲಿ. ಒಬ್ರು ಮಾತಾಡಿ ಮುಗಿಸಿದ ಮ್ಯಾಲ ಆ ಮಾತು ಮನಸ್ಸಿಗೆ ಬೆಚ್ಚಗ ಅನಿಸಿದ್ರ ಕಿತ್ತಳಿ, ಯಾಕೋ ಒಪ್ಪಲಿಲ್ಲ ಅಂದ್ರ ನೀಲಿ, ಸದ್ದಿಲ್ಲದಂಗ ಎದಿಗೆ ಹಿಡಕೋತಾರ. ಮುಂದ ಕೂತವರಿಗೆ ಇಡೀ ಹಾಲಿನ ಮನಸ್ಸು ಒಂದ ನೋಟದಾಗ ಕಾಣಸ್ತೈತಿ. ನೀಲಿ ಇದ್ದಲ್ಲಿ ಏನು ತ್ರಾಸ ಐತಿ ಹೇಳ್ರಿ ಅಂತ ಕೇಳ್ತಾರ, ಮಾತು ತಿದ್ದತಾರ, ಮತ್ತ ಕಾರ್ಡ್ ನೋಡ್ತಾರ. ಎಷ್ಟು ಮಾಡಿದ್ರೂ ಒಮ್ಮತ ಆಗಲಿಲ್ಲ, ತೀರ್ಮಾನ ಈಗ ಬೇಕೇ ಬೇಕು ಅಂದ್ರಷ್ಟ ಬಹುಮತಕ್ಕ ಹೋಗ್ತಾರ. ಜಗತ್ತಿನ ಸಭೆಗಳ ಒಕ್ಕೂಟನೂ (ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್) 2006ರಾಗ ಬ್ರೆಜಿಲಿನ ಪೋರ್ಟೊ ಅಲೆಗ್ರೆದಾಗ ಕೂಡಿದಾಗ ಒಮ್ಮತದ ಪದ್ಧತಿಯಿಂದನ ನಡೀತು, ಯಾಕಂದ್ರ ಆರ್ಥೊಡಾಕ್ಸ್ ಸಭೆಯವರು ವೋಟಿನ ಲೆಕ್ಕದಾಗ ನಾವು ಯಾವಾಗಲೂ ಸೋಲೋರ ಅಂತ ಎಷ್ಟೋ ವರ್ಷ ನೊಂದಿದ್ರು. ಆ ಬೇವಿನ ಗಿಡದ ರಾತ್ರಿ ನಮ್ಮ ಕೈಯಾಗ ಎರಡು ಕಾರ್ಡ್ ಇದ್ದಿದ್ರ ಆ ಹಿರಿಯರ ನೀಲಿ ಕಾರ್ಡು ಕಂಡಿರತಿತ್ತು ನಮಗ.

ನಮ್ಮ ಕಡೇದು ಎರಡ ಮಾತು. ಸಿಎಸ್ಐ 1947ರ ಸೆಪ್ಟೆಂಬರ್ 27ಕ್ಕ ಮದ್ರಾಸಿನಾಗ ಹುಟ್ಟಿದಾಗ ಬಿಷಪ್ಪರನ್ನೂ ಇಟ್ಕೊಂಡ್ರು, ಹಿರಿಯರ ಕೂಟನೂ ಇಟ್ಕೊಂಡ್ರು, ಅದಕ್ಕ ನಮ್ಮ ಸಿನೊಡ್ಡಿನಾಗ ಬಿಷಪ್ಪರು, ಪಾಸ್ಟರು, ಸಾಮಾನ್ಯ ಸಭಿಕರು ಮೂರೂ ಥರದವರು ಕೂಡ್ತಾರ. ನಿಮ್ಮ ಸಭೆಯಿಂದ ಧಾರವಾಡದಾಗಿರೋ ಕರ್ನಾಟಕ ಉತ್ತರ ಡಯಾಸಿಸ್ (ಒಬ್ಬ ಬಿಷಪ್ಪರ ಕೈಕೆಳಗಿನ ಭಾಗ) ಕೌನ್ಸಿಲ್ಲಿಗೆ, ಅಲ್ಲಿಂದ ಸಿನೊಡ್ಡಿಗೆ. ಇಲ್ಲಿ ಬೆಳಗಾವ್ಯಾಗ ಮೆಥೋಡಿಸ್ಟರೂ ಅದಾರ, ಅವರದು ನಾಕು ವರ್ಷಕ್ಕೊಮ್ಮೆ ಜನರಲ್ ಕಾನ್ಫರೆನ್ಸ್, ಬಿಷಪ್ಪರನ್ನ ಆರಿಸೋದೂ ಅಲ್ಲೇ.

ಇನ್ನ ನಿಮ್ಮ ಕಡೀ ಪ್ರಶ್ನೆ, ಕೆಳಗಿನ ಸಭೆ ಒಪ್ಪಲೇಬೇಕೇನು ಅಂತ. ಸಂವಿಧಾನ ಆದ ಮ್ಯಾಲ ಅದು ಎಲ್ಲಾರದೂ ಖರೆ, ಆದ್ರ ಮನಸ್ಸಾಕ್ಷಿಗೆ ಜಾಗಾ ಬಿಡ್ತಾರ. ಮದುವಿ ಅಂದ್ರ ಒಬ್ಬ ಗಂಡು ಒಬ್ಬ ಹೆಣ್ಣು ಅಂತ ಇದ್ದದ್ದನ್ನ ಇಬ್ಬರು ವ್ಯಕ್ತಿಗಳ ನಡುವಿಂದು, ಪರಂಪರಾದಂಗ ಒಬ್ಬ ಗಂಡು ಒಬ್ಬ ಹೆಣ್ಣು, ಅಂತ 2014ರಾಗ ತಿದ್ದಿದ್ರು, 2015ರ ಮಾರ್ಚಿನಾಗ ಪ್ರೆಸ್ಬಿಟರಿಗಳ ಬಹುಮತ ಸಿಕ್ತು. ಅದ ತಿದ್ದುಪಡಿ ಒಳಗನ ಇನ್ನೊಂದು ಸಾಲು ಸೇರಿಸಿದ್ರು, ಯಾವ ಪಾಸ್ಟರಿಗೂ ಮನಸ್ಸಿಗೆ ವಿರುದ್ಧ ಮದುವಿ ಮಾಡಸು ಅಂತ, ಯಾವ ಸೆಷನ್ನಿಗೂ ತಮ್ಮ ಚರ್ಚ್ ಕೊಡು ಅಂತ ಒತ್ತಾಯ ಮಾಡಂಗಿಲ್ಲ ಅಂತ. ಆದರೂ ಎಷ್ಟೋ ಸಭೆಗಳು ಆ ವರ್ಷಗಳಾಗ ಬಿಟ್ಟು ಹೋದ್ವು, ಅದನ್ನ ಮುಚ್ಚಿಟ್ಟು ಹೇಳಾಕ ಬರಂಗಿಲ್ಲ.

ನಿಮ್ಮ ತಂಗಿ ಮಗಳಿಗೆ 21 ಅಂದ್ರಿ. ಹುಡುಗರ ಸಲಹಾ ವೋಟಿಗೆ 23ರ ಗಡಿ ಐತಿ ಅಂತ ಮ್ಯಾಲ ಹೇಳೀನಿ, ಅಸೆಂಬ್ಲಿ ಎರಡು ವರ್ಷಕ್ಕೊಮ್ಮೆ, ಅಂದ್ರ ಅವಳಿಗೆ ಸಿಗೋದು ಒಂದೋ, ಭಾಳ ಅಂದ್ರ ಎರಡೋ ಅವಕಾಶ. ಈ ವಾರ ಫೋನ್ ಮಾಡಿದಾಗ ಹೇಳ್ರಿ ಅಕ್ಕಾರ, ಭಾನುವಾರ ಆರಾಧನಾ ಮುಗಿದ ಮ್ಯಾಲ ತನ್ನ ಸಭೆಯ ಹಿರಿಯರಿಗೆ "ನಮ್ಮ ಪ್ರೆಸ್ಬಿಟರಿಯಿಂದ ಈ ಸಲ ಯಾರು ಹೋಗ್ತಾರ, ನನ್ನ ಹೆಸರು ಕೊಡಬಹುದೇನು" ಅಂತ ಕೇಳಲಿ.